ರಾಗಿ ಹೊಲದ ಮಕ್ಕಳೂ ಸಂಶೋಧನಾಲಯದ ಬಾಗಿಲೂ

ಚಳಿಗಾಲ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸಡಗರ. ಅರಮನೆ, ಮೃಗಾಲಯ ಸುತ್ತಿದ ಬಸ್ಸುಗಳು ಸಂಜೆಗೆ ಬೃಂದಾವನದ ಕಾರಂಜಿಗಳ ಬಳಿ ನಿಲ್ಲುತ್ತವೆ. ಅದೇ ಕೃಷ್ಣರಾಜಸಾಗರದಲ್ಲಿ ಅಣೆಕಟ್ಟೆಗಳ ಕಿರುಮಾದರಿ ಕಟ್ಟಿ, ನೀರು ಹರಿಸಿ ಪರೀಕ್ಷಿಸುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಮಂಡ್ಯದ ಸಮೀಪ, ಜನರು ವಿ.ಸಿ. ಫಾರಂ ಎಂದು ಕರೆಯುವ ಕೃಷಿ ಸಂಶೋಧನಾ ಕೇಂದ್ರವಿದೆ. ಇವುಗಳಲ್ಲಿ ಯಾವುದನ್ನಾದರೂ ನೋಡಿ ಒಂದೇ ದಿನದಲ್ಲಿ ಮರಳಬಹುದು. ಆದರೂ ನಾನು ಕಂಡ ಪ್ರವಾಸದ ಪಟ್ಟಿಗಳಲ್ಲಿ ಇವುಗಳ ಹೆಸರು ಅಪರೂಪ.

ವಿ.ಸಿ. ಫಾರಂನಲ್ಲಿಯೇ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಇಂಡಿಯಾ, ಆಫ್ರಿಕ ಎಂಬ ಎರಡು ಹೆಸರುಗಳು ಕೂಡಿ ಆದ ಹೆಸರದು. ರಾಗಿಯ ಹೂವು ಅತಿ ಸಣ್ಣದು. ಗಂಡು, ಹೆಣ್ಣು ಭಾಗಗಳೆರಡೂ ಒಂದೇ ಹೂವಿನಲ್ಲಿದ್ದು ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಹೊಂದುವಂಥದು. ಇಂಥ ಪೈರಿನಲ್ಲಿ ಸಂಕರ ಸಾಧಿಸಲು ಎಷ್ಟು ತಾಳ್ಮೆ ಬೇಕೆಂಬುದನ್ನು ಪಠ್ಯಪುಸ್ತಕದ ಚಿತ್ರ ಹೇಳಲಾರದು. 1970ರ ದಶಕದಲ್ಲಿ ರೈತರ ಹೊಲ ಸೇರಿದ ಈ ತಳಿಗಳು ರಾಗಿಯ ಇಳುವರಿಯನ್ನು ಗಣನೀಯವಾಗಿ ಹೆಚ್ಚಿಸಿದವು. ಜನ ಅವರನ್ನು 'ರಾಗಿ ಬ್ರಹ್ಮ' ಎಂದು ಕರೆದರು.

ನಾಗಮಂಗಲದ ಬೆದ್ದಲು ಭೂಮಿಯ ಬಾಲಕನೊಬ್ಬನಿಗೆ ರಾಗಿಯೆಂದರೆ ತಂದೆ ತಾಯಿಯ ದುಡಿಮೆ, ಮಳೆಯ ನಿರೀಕ್ಷೆ, ಊಟದ ಮುದ್ದೆ. ಅದೇ ರಾಗಿ ವಿಜ್ಞಾನಿಯೊಬ್ಬನ ಜೀವಮಾನದ ಪ್ರಶ್ನೆಯೂ ಆಗಬಲ್ಲದೆಂದು ಅವನಿಗೆ ತಿಳಿಸುವವರು ಯಾರು? ವಿಜ್ಞಾನವೆಲ್ಲ ಬೆಂಗಳೂರಿನಲ್ಲೋ ಹೊರದೇಶದಲ್ಲೋ ನಡೆಯುತ್ತದೆಂಬ ಭಾವನೆಯಲ್ಲಿ ಬೆಳೆದವನು, ಅವಕಾಶ ಸಿಕ್ಕೊಡನೆ ಊರನ್ನೂ ಹೊಲವನ್ನೂ ಒಟ್ಟಿಗೇ ತೊರೆಯುವುದರಲ್ಲಿ ಆಶ್ಚರ್ಯವೇನಿದೆ?

ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ವರ್ಷಗಳನ್ನು ಕಳೆದ ನನಗೆ ಇದು ಹಣದ ಕೊರತೆಯ ಪ್ರಶ್ನೆಯೆಂದು ತೋರುವುದಿಲ್ಲ. ಕಟ್ಟಡ, ಉಪಕರಣ, ತಜ್ಞರ ವೇತನ ಎಲ್ಲವನ್ನೂ ಸಾರ್ವಜನಿಕರು ಈಗಾಗಲೇ ಭರಿಸಿದ್ದಾರೆ. ಉಳಿದಿರುವುದು ಬಸ್ಸಿನ ಬಾಡಿಗೆ ಮತ್ತು ಒಂದು ಪತ್ರವ್ಯವಹಾರ. 2017ರಲ್ಲಿ ಸಿಎಸ್‌ಐಆರ್ ಸಂಸ್ಥೆಯು 'ಜಿಜ್ಞಾಸಾ' ಕಾರ್ಯಕ್ರಮದಡಿ ತನ್ನ 38 ಪ್ರಯೋಗಾಲಯಗಳನ್ನು 1,151 ಕೇಂದ್ರೀಯ ವಿದ್ಯಾಲಯಗಳೊಂದಿಗೆ ಜೋಡಿಸಲು ಮುಂದಾಯಿತು. ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳಿಗೆ ಮೊದಲು ತೆರೆದ ಬಾಗಿಲು, ಸುತ್ತಲ ಹಳ್ಳಿಗಳ ಸರ್ಕಾರಿ ಪ್ರೌಢಶಾಲೆಗಳಿಗೂ ಅಷ್ಟೇ ಸಲೀಸಾಗಿ ತೆರೆಯಬೇಕು.

ಆದರೆ ಬರಿದೆ ಕರೆದೊಯ್ದರೆ ಸಾಲದು. ಗಾಜಿನ ಆಚೆಯ ಯಂತ್ರಗಳನ್ನು ಸಾಲಾಗಿ ನೋಡಿ ಬರುವುದಾದರೆ ಅದು ಇನ್ನೊಂದು ಮೃಗಾಲಯವಷ್ಟೆ. ಪ್ರತಿ ವಿದ್ಯಾರ್ಥಿಯೂ ತನ್ನ ಹೊಲದ ಒಂದು ಹಿಡಿ ಮಣ್ಣನ್ನೋ, ರೋಗ ತಗುಲಿದ ಎಲೆಯನ್ನೋ, ಅದರೊಂದಿಗೆ ಒಂದು ಪ್ರಶ್ನೆಯನ್ನೋ ಒಯ್ಯಲಿ. ವಿಜ್ಞಾನಿಗಳು ಕನ್ನಡದಲ್ಲಿ ಉತ್ತರಿಸಲಿ; ಉತ್ತರ ತಿಳಿಯದಿದ್ದಲ್ಲಿ ಹಾಗೆಂದೇ ಹೇಳಲಿ. ಇನ್ನೂ ಉತ್ತರ ಸಿಗದ ಪ್ರಶ್ನೆಗಳಿವೆ ಎಂದು ಮಗುವಿಗೆ ಮನವರಿಕೆಯಾಗುವುದು ಅಲ್ಲಿಯೇ.

ಜಿಲ್ಲಾ ಪಂಚಾಯಿತಿ, ಶಿಕ್ಷಣ ಇಲಾಖೆ ಮತ್ತು ಈ ಸಂಸ್ಥೆಗಳ ಮುಖ್ಯಸ್ಥರು ಒಮ್ಮೆ ಕೂಡಿ ಕುಳಿತರೆ, ಒಂಬತ್ತನೆಯ ತರಗತಿಯ ಪ್ರತಿ ವಿದ್ಯಾರ್ಥಿಗೂ ವರ್ಷದಲ್ಲೊಂದು ದಿನವನ್ನು ಗೊತ್ತುಮಾಡುವುದು ಕಷ್ಟವಲ್ಲ. ಮುಂದಿನ ಲಕ್ಷ್ಮಣಯ್ಯ ಇದೀಗ ಕೆ.ಆರ್. ಪೇಟೆಯ ಯಾವುದೋ ಶಾಲೆಯ ಹಿಂದಿನ ಬೆಂಚಿನಲ್ಲಿರಬಹುದು.