ಅಕ್ಕಿಯೋ, ರೊಕ್ಕವೋ, ಬೇಳೆಯೋ? ಅಡುಗೆಮನೆಯ ಲೆಕ್ಕ ಯಾರು ಹಾಕಬೇಕು?

ಇಂಜಿನಿಯರಿಂಗ್ ಓದುವಾಗ ‘ಆಪ್ಟಿಮೈಸೇಷನ್’ ಅಂತ ಒಂದು ಪಾಠ ಇತ್ತು. ಇರುವಷ್ಟರಲ್ಲೇ ಹೆಚ್ಚು ಫಲ ಪಡೆಯುವುದು ಹೇಗೆ ಎಂಬ ಲೆಕ್ಕ. ಅದು ತಲೆಗೆ ಹತ್ತಲು ನನಗೆ ಒಂದು ಸೆಮಿಸ್ಟರ್ ಬೇಕಾಯಿತು. ಸೇಡಂನಲ್ಲಿ ನಮ್ಮವ್ವ ಅದನ್ನೇ ಕಿರಾಣಿ ಅಂಗಡಿ ಮುಂದೆ ನಿಂತು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದಳು: “ಎಣ್ಣಿ ಅರ್ಧ ಕಿಲೋ ಸಾಕ್ರಿ, ಉಳಿದಿದ್ದಕ್ಕ ಬ್ಯಾಳಿ ಹಾಕ್ರಿ.”

ಅವ್ವ ಮಾಡುತ್ತಿದ್ದುದಕ್ಕೆ ಅರ್ಥಶಾಸ್ತ್ರದಲ್ಲಿ ಹೆಸರಿದೆ. ಹಸಿದವರಿಗೆ ಮೊದಲ ರೊಟ್ಟಿ ಕೊಡುವ ತೃಪ್ತಿಯನ್ನು ಐದನೆಯದು ಕೊಡುವುದಿಲ್ಲ. ಪಿಯುಸಿ ಪುಸ್ತಕದಲ್ಲಿ ಇದು ‘ಇಳಿಮುಖ ಸೀಮಾಂತ ತುಷ್ಟಿಗುಣ’. ಹಾಗಾದರೆ ಕೈಯಲ್ಲಿರುವ ರೊಕ್ಕ ಹಂಚುವುದು ಹೇಗೆ? ಎಣ್ಣೆಗೆ ಹಾಕಿದ ಕೊನೆಯ ರೂಪಾಯಿಗಿಂತ ಬೇಳೆಗೆ ಹಾಕುವ ರೂಪಾಯಿ ಹೆಚ್ಚು ತೃಪ್ತಿ ಕೊಡುವುದಾದರೆ, ಅದನ್ನು ಅತ್ತ ಸರಿಸಬೇಕು. ಎಲ್ಲ ಕಡೆಯೂ ಕೊನೆಯ ರೂಪಾಯಿ ಒಂದೇ ಸಮ ಆದಾಗ ನಿಲ್ಲಿಸಬೇಕು. ಜರ್ಮನಿಯ ಹರ್ಮನ್ ಗಾಸೆನ್ 1854ರಲ್ಲಿ ಬರೆದ ಸೂತ್ರ ಇಷ್ಟೇ.

ಈಗ ಇದನ್ನು ಅನ್ನಭಾಗ್ಯಕ್ಕೆ ಹಚ್ಚಿ ನೋಡೋಣ. 2023ರಲ್ಲಿ ತಲೆಗೆ 10 ಕಿಲೋ ಅಕ್ಕಿ ಎಂಬ ಭರವಸೆ ಕೊಟ್ಟ ರಾಜ್ಯ ಸರ್ಕಾರಕ್ಕೆ ಕೇಂದ್ರದಿಂದ ಹೆಚ್ಚುವರಿ ಅಕ್ಕಿ ಸಿಗಲಿಲ್ಲ. ಆ ಜುಲೈನಿಂದ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. 2025ರ ಫೆಬ್ರವರಿಯಲ್ಲಿ, ಕೇಂದ್ರದ ಅಕ್ಕಿ ಕಿಲೋಗೆ 22.50 ರೂಪಾಯಿಗೆ ಸಿಗುವಂತಾದ ಮೇಲೆ, ರೊಕ್ಕ ಬಿಟ್ಟು ಅಕ್ಕಿಯನ್ನೇ ಕೊಡಲು ಸರ್ಕಾರ ತೀರ್ಮಾನಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ‘ಇಂದಿರಾ ಕಿಟ್’ ಕೊಡಲು ಸಂಪುಟ ಒಪ್ಪಿತು.

ವಾಡಿಯಲ್ಲಿ ಐದು ಜನರ ಒಂದು ಮನೆ ಅಂದುಕೊಳ್ಳಿ. ರೊಟ್ಟಿ ಉಣ್ಣುವ ಮನೆ. ಮೊದಲ 25 ಕಿಲೋ ಅಕ್ಕಿ ಹೇಗೋ ಖರ್ಚಾಗುತ್ತದೆ. ಮೇಲಿನ 25 ಕಿಲೋ? ಕಿಲೋಗೆ 15ರಂತೆ ಯಾರಿಗೋ ಮಾರಿದರೆ ಸಿಗುವುದು 375 ರೂಪಾಯಿ. ಅದನ್ನು ಕೊಳ್ಳಲು ಸರ್ಕಾರ ಕೊಟ್ಟದ್ದು 562. ನಡುವಿನ 187 ರೂಪಾಯಿ ಆ ಮನೆಗೆ ಬರಲೇ ಇಲ್ಲ. ಅಕ್ಕಿ ಕಾಳಸಂತೆಗೆ ಹೋಗುತ್ತದೆ ಎಂದು ಬೈಯುವವರು ಇದನ್ನು ಬರೀ ಕಳ್ಳತನ ಅಂತ ನೋಡ್ತಾರೆ. ನನಗೆ ಕಾಣುವುದು ಬೇರೆ: ಆ ಮನೆಯವಳು ಗಾಸೆನ್ ಸೂತ್ರವನ್ನು ನಷ್ಟ ಉಂಡು ಪಾಲಿಸುತ್ತಿದ್ದಾಳೆ. ಅದೇ ಮನೆಗೆ 850 ರೂಪಾಯಿ ರೊಕ್ಕ ಬಂದಿದ್ದರೆ ಒಂದಿಷ್ಟು ಬೇಳೆ, ಎಣ್ಣೆ, ಮಗಳ ನೋಟ್‌ಬುಕ್ ಎಲ್ಲ ಆಗುತ್ತಿತ್ತು.

ಹಂಗಂತ ರೊಕ್ಕವೇ ಎಲ್ಲರಿಗೂ ಮೇಲು ಅಂತಲ್ಲ. ಅನ್ನವನ್ನೇ ಹೆಚ್ಚು ಉಣ್ಣುವ ಮನೆಗೆ ಅಕ್ಕಿಯೇ ಲಾಭ, ಯಾಕೆಂದರೆ 34 ರೂಪಾಯಿಗೆ ಅಂಗಡಿಯಲ್ಲಿ ಒಳ್ಳೆ ಅಕ್ಕಿ ಸಿಗುವುದು ಕಷ್ಟ. ಬೆಲೆ ಏರಿದರೆ 170 ರೂಪಾಯಿ ಸವೆಯುತ್ತದೆ, 5 ಕಿಲೋ 5 ಕಿಲೋನೇ. ಖಾತೆಗೆ ಬಂದ ರೊಕ್ಕ ಯಾರ ಕೈ ಸೇರುತ್ತದೆ ಅನ್ನೋದೂ ಮುಖ್ಯ. ಇತ್ತ ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದವರಿಗೆ ಊರಿನ ರೇಷನ್ ಅಂಗಡಿಯ ಕಿಟ್‌ಗಿಂತ ಖಾತೆಯ ರೊಕ್ಕ ಹತ್ತಿರ. ಒಂದೇ ಜಿಲ್ಲೆಯಲ್ಲೇ ಉತ್ತರ ಇಷ್ಟು ಬೇರೆ ಬೇರೆ. ಆದರೆ ಮೂರು ಸಲವೂ ಇಡೀ ರಾಜ್ಯಕ್ಕೆ ಒಂದೇ ಉತ್ತರ ಬಂತು.

‘ಬಿಟ್ಟಿ ಭಾಗ್ಯ’ ಅಂತ ಮೂಗು ಮುರಿಯುವವರ ವಾದ ಒಂದೇ: ಬಡವರ ಕೈಗೆ ರೊಕ್ಕ ಕೊಟ್ಟರೆ ದುಂದು ಮಾಡ್ತಾರೆ. ನಾನು ಕಂಡದ್ದು ಉಲ್ಟಾ. ಚೀಲ ಸಣ್ಣದಾದಷ್ಟೂ ಲೆಕ್ಕ ಚುರುಕು. ತಪ್ಪಿದರೆ ಅವತ್ತು ರಾತ್ರಿಯೇ ಹೊಟ್ಟೆಗೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ಗಾಸೆನ್ ಸೂತ್ರ ಇರುವ ರೊಕ್ಕ ಹಂಚುವುದನ್ನು ಹೇಳುತ್ತದೆ. ಅದು ಇಷ್ಟೇ ಯಾಕಿದೆ ಅಂತ ಕೇಳುವುದಿಲ್ಲ. ಅದನ್ನು ಕೇಳುವುದು ರಾಜಕೀಯ. ಶಹಾಬಾದಿನ ಕಲ್ಲುಗಣಿಯ ಕೂಲಿ, ವಾಡಿ–ಸೇಡಂ ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕನ ಸಂಬಳ ಆ ಗಾತ್ರವನ್ನು ನಿರ್ಧರಿಸುತ್ತವೆ. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯನ್ನು ಬೆಳೆಯುವ ಚಿತ್ತಾಪುರದ ರೈತನ ಮನೆಗೂ ಬೇಳೆ ಕಿಟ್‌ನಲ್ಲಿ ಬರಬೇಕು ಅಂದರೆ, ತೊಗರಿಯ ಬೆಲೆಯ ಬಗ್ಗೆಯೂ ಮಾತಾಡಬೇಕು.

ಅಲ್ಲಿಯವರೆಗೆ ಕನಿಷ್ಠ ಇಷ್ಟು ಮಾಡಬಹುದು: ಅಕ್ಕಿ, ರೊಕ್ಕ, ಕಿಟ್, ಮೂರರಲ್ಲಿ ಒಂದನ್ನು ವರ್ಷಕ್ಕೊಮ್ಮೆ ಆರಿಸುವ ಹಕ್ಕನ್ನು ರೇಷನ್ ಕಾರ್ಡಿನ ಮನೆಗೆ ಬಿಡಿ. ಆ ಮನೆಯ ಲೆಕ್ಕ ವಿಧಾನಸೌಧಕ್ಕಿಂತ ಆ ಮನೆಗೇ ಚೆನ್ನಾಗಿ ಗೊತ್ತು.