ಉಪಾಹಾರ ಗೃಹದ ಧ್ವನಿ ವ್ಯವಸ್ಥೆ: ದರಪಟ್ಟಿಗೆ ಸಹಿ ಹಾಕುವ ಮುನ್ನ

ಹೋಟೆಲು ಉದ್ಯಮದಲ್ಲಿರುವ ನಮ್ಮ ಸದಸ್ಯರು ಗ್ರೈಂಡರ್ ಕೊಳ್ಳುವಾಗ ತೋರುವ ಎಚ್ಚರವನ್ನು ಧ್ವನಿ ವ್ಯವಸ್ಥೆ ಕೊಳ್ಳುವಾಗ ತೋರುವುದಿಲ್ಲ. ಗ್ರೈಂಡರ್ ಎಂದರೆ ಗಂಟೆಗೆ ಎಷ್ಟು ಹಿಟ್ಟು, ಮೋಟಾರು ಎಷ್ಟು ಅಶ್ವಶಕ್ತಿಯದು, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಸ್ಪೀಕರಿನ ವಿಷಯ ಬಂದಾಗ ಮಾತ್ರ ‘ಎಷ್ಟು ವ್ಯಾಟ್?’ ಎಂಬ ಒಂದೇ ಪ್ರಶ್ನೆ. ಹೀಗೆ ಕೊಂಡ ಎರಡು ದೊಡ್ಡ ಪೆಟ್ಟಿಗೆಗಳು ಮೂಲೆಯಲ್ಲಿ ಕುಳಿತು, ಹತ್ತಿರದ ಮೇಜಿನವರನ್ನು ಎಬ್ಬಿಸಿ ಕಳಿಸುತ್ತವೆ. ದೂರದ ಮೇಜಿಗೆ ಬರೀ ಗದ್ದಲವಾಗಿ ತಲುಪುತ್ತವೆ.

ಉದಾಹರಣೆಗೆ, 40 ಅಡಿ ಉದ್ದ, 24 ಅಡಿ ಅಗಲ, 10 ಅಡಿ ಎತ್ತರದ, 60 ಆಸನಗಳ ಸಭಾಂಗಣವೊಂದನ್ನು ತೆಗೆದುಕೊಳ್ಳೋಣ. ನೆಲಕ್ಕೆ ಗ್ರಾನೈಟು, ಗೋಡೆಗೆ ಟೈಲ್ಸ್, ಮುಂಭಾಗಕ್ಕೆ ಗಾಜು, ಮೇಲೆ ಕಾಂಕ್ರೀಟು. ತೊಳೆಯಲು ಸುಲಭವೆಂದು ನಮ್ಮ ಊರುಗಳಲ್ಲಿ ಎಲ್ಲರೂ ಇದನ್ನೇ ಒಪ್ಪಿಕೊಂಡಿದ್ದಾರೆ. ಆದರೆ ಈ ಯಾವ ವಸ್ತುವೂ ಶಬ್ದವನ್ನು ಹೀರಿಕೊಳ್ಳುವುದಿಲ್ಲ. ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ, ಅರ್ಧ ತುಂಬಿದ ಇಂತಹ ಸಭಾಂಗಣದಲ್ಲಿ ಒಂದು ಶಬ್ದ ಅಡಗಲು ಒಂದೂವರೆ ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಮತ್ತೆ ನಾಲ್ಕಾರು ಮಾತುಗಳು ಅದರ ಮೇಲೆ ಬಿದ್ದಿರುತ್ತವೆ. ಗದ್ದಲ ಹೆಚ್ಚಿದಷ್ಟೂ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಲೊಂಬಾರ್ಡ್ 1911ರಲ್ಲಿಯೇ ಪ್ರಕಟಿಸಿದ್ದರು. ಆಗ ಗಲ್ಲಾಪೆಟ್ಟಿಗೆಯಲ್ಲಿ ಕುಳಿತವರು ಸಂಗೀತದ ಶಬ್ದ ಹೆಚ್ಚಿಸುತ್ತಾರೆ, ಗ್ರಾಹಕರು ಇನ್ನೂ ಗಟ್ಟಿಯಾಗಿ ಮಾತನಾಡುತ್ತಾರೆ, ಸಪ್ಲೈಯರಿಗೆ ‘ಸಾದಾ ದೋಸೆ’ ಎಂದದ್ದು ‘ಮಸಾಲೆ ದೋಸೆ’ ಎಂದು ಕೇಳಿಸುತ್ತದೆ. ವಾಪಸು ಬಂದ ಆ ದೋಸೆಯ ನಷ್ಟ ಯಾವ ಖಾತೆಯಲ್ಲಿಯೂ ಪ್ರತ್ಯೇಕವಾಗಿ ಕಾಣುವುದಿಲ್ಲ.

ಆದುದರಿಂದ ಯೋಜನೆಯ ಮೊದಲ ಹಣವನ್ನು ಸ್ಪೀಕರಿಗಲ್ಲ, ಮಾಡಿಗೆ ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇದೇ ಸಭಾಂಗಣಕ್ಕೆ ಶಬ್ದ ಹೀರುವ ಮಿನರಲ್ ಫೈಬರ್ ಹಲಗೆಗಳ ಮಾಡನ್ನು ಕೂಡಿಸಿದರೆ ಅನುರಣನದ ಅವಧಿ ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಗದ್ದಲವೂ ಸುಮಾರು 5 ಡೆಸಿಬೆಲ್ ತಗ್ಗುತ್ತದೆ. ಇದರ ಬೆಲೆಯನ್ನು ಹೀಗೆ ಅಳೆಯಬಹುದು: ಆಂಪ್ಲಿಫೈಯರಿನ ಶಕ್ತಿಯನ್ನು ದುಪ್ಪಟ್ಟು ಮಾಡಿದರೂ ದೊರೆಯುವುದು ಕೇವಲ 3 ಡೆಸಿಬೆಲ್. ಜಿಪ್ಸಂ ಹಲಗೆಯ ಅಲಂಕಾರದ ಮಾಡು ಈ ಕೆಲಸ ಮಾಡುವುದಿಲ್ಲ; ಖರೀದಿಸುವಾಗ ಹಲಗೆಯ ಶಬ್ದಗ್ರಹಣ ಪ್ರಮಾಣವನ್ನೂ ಬೆಂಕಿಯ ಸುರಕ್ಷತೆಯ ಪ್ರಮಾಣಪತ್ರವನ್ನೂ ಕೇಳಿ ಪಡೆಯತಕ್ಕದ್ದು.

ಇನ್ನು ಸ್ಪೀಕರುಗಳು. ಕುಳಿತವರ ಕಿವಿ ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. 10 ಅಡಿ ಎತ್ತರದ ಮಾಡಿನಲ್ಲಿ ಕೂರಿಸಿದ, 90 ಡಿಗ್ರಿ ಹರವಿನ ಸ್ಪೀಕರು ಆ ಮಟ್ಟದಲ್ಲಿ 12 ಅಡಿ ವ್ಯಾಸದ ವೃತ್ತವನ್ನು ವ್ಯಾಪಿಸುತ್ತದೆ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಎಂಟು ಸಣ್ಣ ಸ್ಪೀಕರುಗಳು ನಮ್ಮ ಸಭಾಂಗಣಕ್ಕೆ ಸಾಕು. ಇವುಗಳನ್ನು 100 ವೋಲ್ಟ್ ಲೈನ್ ಪದ್ಧತಿಯಲ್ಲಿ ಜೋಡಿಸುವುದು ಲೇಸು. ಮನೆಬಳಕೆಯ ಆಂಪ್ಲಿಫೈಯರಿಗೆ 8 ಓಮ್‌ನ ನಾಲ್ಕು ಸ್ಪೀಕರುಗಳನ್ನು ಸಮಾಂತರವಾಗಿ ಸೇರಿಸಿದರೆ ಭಾರ 2 ಓಮ್‌ಗೆ ಇಳಿದು ಯಂತ್ರ ಸುಟ್ಟುಹೋಗುವ ಸಂಭವವಿದೆ. ಲೈನ್ ಪದ್ಧತಿಯಲ್ಲಿ ವ್ಯಾಟುಗಳನ್ನು ಕೂಡಿಸಿದರೆ ಮುಗಿಯಿತು: 6 ವ್ಯಾಟಿನ ಎಂಟು ಎಂದರೆ 48, ಮುಂದಿನ ವಿಸ್ತರಣೆಗೂ ಸೇರಿಸಿ 100 ವ್ಯಾಟಿನ ಆಂಪ್ಲಿಫೈಯರ್ ಧಾರಾಳ. ಗಲ್ಲಾಪೆಟ್ಟಿಗೆ, ಕುಟುಂಬ ವಿಭಾಗ, ಕೈತೊಳೆಯುವ ಜಾಗ ಇವಕ್ಕೆ ಪ್ರತ್ಯೇಕ ನಿಯಂತ್ರಣವಿರಲಿ.

ತೆರಿಗೆಯ ಲೆಕ್ಕ

ದರಪಟ್ಟಿಯ ಕೆಳಗೆ ‘ಜಿಎಸ್‌ಟಿ ಪ್ರತ್ಯೇಕ’ ಎಂದಿರುವುದನ್ನು ಕಂಡು, ಅದು ಹೇಗೂ ಜಮೆಯಾಗುತ್ತದೆಂದು ಬಟ್ಟೆ ಅಥವಾ ಯಂತ್ರೋಪಕರಣದ ವ್ಯಾಪಾರದಿಂದ ಹೋಟೆಲಿಗೆ ಬಂದವರು ಭಾವಿಸುವುದುಂಟು. 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟುಗಳು ಶೇ. 5ರ ದರದಲ್ಲಿ, ಹೂಡುವಳಿ ತೆರಿಗೆ ಜಮೆಯಿಲ್ಲದೆ ತೆರಿಗೆ ಕಟ್ಟುತ್ತಿವೆ. ದುಬಾರಿ ಕೊಠಡಿಗಳ ಹೋಟೆಲುಗಳೊಳಗೆ ಶೇ. 18 ಕಟ್ಟುವ ರೆಸ್ಟೋರೆಂಟುಗಳ ಮಾತು ಬೇರೆ. ಆದುದರಿಂದ 2,40,000 ರೂಪಾಯಿಯ ದರಪಟ್ಟಿಗೆ ಶೇ. 18ರಂತೆ 43,200 ಸೇರಿ, ನಿಮ್ಮ ನಿಜವಾದ ವೆಚ್ಚ 2,83,200. ಸಮಾಧಾನವೆಂದರೆ, ಜಮೆ ಪಡೆಯದ ಈ ತೆರಿಗೆಯನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿ ಅದರ ಮೇಲೂ ಸವಕಳಿ ಪಡೆಯಬಹುದು.

ಆದಾಯ ತೆರಿಗೆಯಲ್ಲಿ ಇಂತಹ ಯಂತ್ರಗಳಿಗೆ ಸವಕಳಿ ಶೇ. 15, ಅಂದರೆ ಮೊದಲ ವರ್ಷ 42,480. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಎಣಿಕೆ ಬಿಲ್ಲಿನ ದಿನದಿಂದಲ್ಲ, ಬಳಕೆಗೆ ತಂದ ದಿನದಿಂದ. ದೀಪಾವಳಿಯ ರಿಯಾಯಿತಿಗೆ ಕಾಯುವವರು ಸೆಪ್ಟೆಂಬರ್ ಮುಗಿಯುವುದರೊಳಗೆ ಕೆಲಸ ಮುಗಿಸಿದರೆ ಎಷ್ಟು ಉಳಿಯುತ್ತದೆಂದು ಒಮ್ಮೆ ಹೋಲಿಸಿ ನೋಡಲಿ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗೆ ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ವೆಚ್ಚದಲ್ಲಿ ಸೇರದು. ಸುಟ್ಟುಹೋದ ಒಂದು ಸ್ಪೀಕರನ್ನು ಬದಲಾಯಿಸಿದ್ದು ರಿಪೇರಿ ಖರ್ಚು. ಇಡೀ ವ್ಯವಸ್ಥೆಯನ್ನು ಹೊಸದಾಗಿ ಹಾಕಿಸಿದ್ದು ಬಂಡವಾಳ ವೆಚ್ಚ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸಬೇಡಿ.

ಹಾಡು ಮತ್ತು ನೆರೆಹೊರೆ

ಯಂತ್ರ ಕೊಂಡ ಮಾತ್ರಕ್ಕೆ ಹಾಡು ಹಾಕುವ ಹಕ್ಕು ಬರುವುದಿಲ್ಲ. ಮಾಲೀಕರ ಮೊಬೈಲಿನಲ್ಲಿರುವ ಸಂಗೀತದ ಆ್ಯಪ್‌ನ ಚಂದಾ ಸ್ವಂತ ಬಳಕೆಗೆ ಮಾತ್ರ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು ಬೇರೆ, ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಬೇರೆ. ತ್ಯಾಗರಾಜರ ಕೃತಿಗೆ ಇಂದು ಹಕ್ಕುಸ್ವಾಮ್ಯವಿಲ್ಲ. ಆದರೆ ಕಳೆದ ವರ್ಷ ಮುದ್ರಣಗೊಂಡ ಅದರ ವೀಣಾವಾದನಕ್ಕೆ ಇದೆ. ಮುದ್ರಿಕೆಗಳ ಪರವಾಗಿ ಪಿಪಿಎಲ್, ರಚನೆಗಳ ಪರವಾಗಿ ಐಪಿಆರ್‌ಎಸ್ ಪರವಾನಗಿ ನೀಡುತ್ತವೆ. ಕೆಲವು ಕಂಪನಿಗಳ ಹಾಡುಗಳು ಇವರಲ್ಲಿ ಇರುವುದಿಲ್ಲವಾದ್ದರಿಂದ, ಹಣ ಕಟ್ಟುವ ಮೊದಲು ಹಾಡುಗಳ ಪಟ್ಟಿ ಕೇಳುವುದು ನಿಮ್ಮ ಹಕ್ಕು. ಈ ಶುಲ್ಕವು ಪ್ರತಿ ವರ್ಷದ ಖರ್ಚೆಂದು ಯೋಜನೆಯಲ್ಲಿಯೇ ನಮೂದಿಸಿ.

ಮಹಡಿಯ ಮೇಲೆ ಮನೆಗಳಿರುವ ಕಟ್ಟಡದಲ್ಲಿ ಇನ್ನೂ ಜಾಗರೂಕತೆ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಣಿಜ್ಯ ಪ್ರದೇಶಕ್ಕೆ ಹಗಲು 65, ರಾತ್ರಿ 55 ಡೆಸಿಬೆಲ್; ವಸತಿ ಪ್ರದೇಶಕ್ಕೆ 55 ಮತ್ತು 45. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಖಾಸಗಿ ಸ್ಥಳದ ಧ್ವನಿ ವ್ಯವಸ್ಥೆಯ ಶಬ್ದ ಅದರ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಮೇಲಿನ ಮನೆಯವರು ದೂರು ಕೊಟ್ಟ ಮೇಲೆ ಠಾಣೆಗೆ ಅಲೆಯುವುದಕ್ಕಿಂತ ಆಂಪ್ಲಿಫೈಯರಿನ ಗರಿಷ್ಠ ಮಟ್ಟವನ್ನು ಮೊದಲೇ ಕಟ್ಟಿಹಾಕಿಸಿ, ಅದರ ಗುಂಡಿ ಸಿಬ್ಬಂದಿಯ ಕೈಗೆಟುಕದಂತೆ ಬೀಗ ಹಾಕುವುದು ಅಗ್ಗ.

ಪಾವತಿಯ ಷರತ್ತನ್ನು ಖರೀದಿ ಆದೇಶದಲ್ಲಿಯೇ ಬರೆಯಿರಿ. ಖಾಲಿ ಸಭಾಂಗಣದಲ್ಲಿ ಬೆಳಿಗ್ಗೆ ಹಾಡು ಕೇಳಿಸಿ ಪೂರ್ತಿ ಹಣ ಪಡೆಯುವ ರೂಢಿ ಮಾರಾಟಗಾರರಲ್ಲಿದೆ. ಶೇ. 10ರಷ್ಟನ್ನು ತಡೆಹಿಡಿದು, ಭಾನುವಾರ ರಾತ್ರಿ ಎಂಟು ಗಂಟೆಗೆ, ಎಲ್ಲ ಮೇಜುಗಳೂ ತುಂಬಿರುವಾಗ, ಮೂಲೆಯ ಮೇಜಿನಲ್ಲಿ ಕುಳಿತು ಪರೀಕ್ಷಿಸಿದ ನಂತರವೇ ಅದನ್ನು ಬಿಡುಗಡೆ ಮಾಡತಕ್ಕದ್ದು.