ದೂರವಾಣಿಯ ಮೂಲಕ ಶುಶ್ರೂಷೆ

ನಾಡಿ ಹಿಡಿಯದೆ, ನಾಲಗೆ ನೋಡದೆ ರೋಗಿಗೆ ಚಿಕಿತ್ಸೆ ಮಾಡುವುದೆಂತು ಎಂದು ವಾಚಕರು ಕೇಳಬಹುದು. ಗುಣವಾಗುವ ಹಂತವನ್ನು ಮೀರಿದ ರೋಗಗಳಲ್ಲಿ ಈ ಶಂಕೆಗೆ ಅಷ್ಟು ಬಲವಿಲ್ಲ. ಅಲ್ಲಿ ಮುಖ್ಯವಾದುದು ನೋವಿನ ಉಪಶಮನ. ಜ್ವರವನ್ನಳೆಯುವಂತೆ ನೋವನ್ನಳೆಯಬಲ್ಲ ಉಪಕರಣ ನಮ್ಮಲ್ಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಕುಳಿತ ವೈದ್ಯರೂ, ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟೆಂದು ರೋಗಿಯನ್ನೇ ಕೇಳಬೇಕು. ಆ ಪ್ರಶ್ನೆಯನ್ನು ದೂರವಾಣಿಯಲ್ಲಿಯೂ ಕೇಳಬಹುದಷ್ಟೆ.

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಮತ್ತು ವರ್ಮಾಂಟ್ ಪ್ರಾಂತಗಳಲ್ಲಿ ಮೇರಿ ಬಕಿಟಾಸ್ ಮತ್ತು ಸಂಗಡಿಗರು ಉಲ್ಬಣಗೊಂಡ ಕ್ಯಾನ್ಸರಿನ 322 ರೋಗಿಗಳೊಡನೆ ಇದನ್ನು ಪರೀಕ್ಷಿಸಿ, 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪಿನವರೊಡನೆ ತರಬೇತಾದ ದಾದಿಯರು ಮೊದಲು ವಾರಕ್ಕೊಮ್ಮೆ ನಾಲ್ಕು ಬಾರಿ, ತರುವಾಯ ತಿಂಗಳಿಗೊಮ್ಮೆ ದೂರವಾಣಿಯಲ್ಲಿ ಮಾತನಾಡಿದರು. ಆ ಗುಂಪಿನವರ ಬದುಕು ಹೆಚ್ಚು ಸಹನೀಯವಾಯಿತು, ಮನಸ್ಸಿನ ಕುಗ್ಗುವಿಕೆ ತಗ್ಗಿತು. ಆದರೆ ನೋವು ಮೊದಲಾದ ಬಾಧೆಗಳ ತೀವ್ರತೆ ಖಚಿತವಾಗಿ ಇಳಿಯಿತೆಂದು ಹೇಳುವಂತಿರಲಿಲ್ಲ.

ನಮ್ಮ ದೇಶದಲ್ಲಿ ಇಂಥ ರೋಗಿಯ ಆರೈಕೆ ಬಹುಮಟ್ಟಿಗೆ ಮನೆಯವರದೇ. ನಡುರಾತ್ರಿಯಲ್ಲಿ ರೋಗಿಗೆ ಏದುಸಿರು ಹತ್ತಿದರೆ ಅವರು ದಿಕ್ಕುಗೆಡುತ್ತಾರೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಕಿಟಕಿ ತೆರೆದು, ಮುಖಕ್ಕೆ ಬೀಸಣಿಗೆಯಿಂದ ಗಾಳಿ ಹಾಕಿರೆಂದು ದಾದಿ ದೂರದಿಂದಲೇ ಹೇಳಿಕೊಡಬಲ್ಲಳು. ಇದು ಬರಿಯ ಸಮಾಧಾನವಲ್ಲ. ಕೆನ್ನೆ ಮೂಗುಗಳನ್ನು ಸೋಕುವ ತಂಪುಗಾಳಿ ಮುಖದ ನರಗಳನ್ನು ಪ್ರಚೋದಿಸಿ ಉಸಿರುಗಟ್ಟಿದ ಅನುಭವವನ್ನು ಕಡಿಮೆ ಮಾಡುತ್ತದೆಂದು ತಜ್ಞರು ಭಾವಿಸುತ್ತಾರೆ.

ಅಫೀಮಿನಿಂದ ಪಡೆಯುವ ಮಾರ್ಫೀನಿನ ವಿಷಯದಲ್ಲಂತೂ ಇಂಥ ತಿಳಿವಳಿಕೆ ಅತ್ಯಗತ್ಯ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆಯದು. ನೋವು ಮರಳುವವರೆಗೆ ಕಾಯದೆ, ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ಕೊಡಬೇಕು. ಚಟ ಹತ್ತೀತೆಂದು ಹೆದರಿ ಮಾತ್ರೆಯನ್ನು ಎತ್ತಿಡುವ ಮನೆಗಳುಂಟು. ಜೊತೆಗೆ ಮಲಬದ್ಧತೆಯ ಔಷಧಿ ಕೊಡದಿದ್ದರೆ ರೋಗಿಯೇ ಮಾತ್ರೆ ಬೇಡವೆಂದಾನು. ಇವೆಲ್ಲ ಒಂದು ಕರೆಯಲ್ಲಿ ತಿದ್ದಬಹುದಾದ ತಪ್ಪುಗಳು.

ಆದರೆ ಆ ಮಾತ್ರೆಯ ಚೀಟಿ? 2020ರ ಮಾರ್ಚ್‌ನಲ್ಲಿ ಭಾರತದಲ್ಲಿ ಹೊರಟ ದೂರವೈದ್ಯಕೀಯ ಮಾರ್ಗಸೂಚಿಯು ಮಾದಕದ್ರವ್ಯ ಕಾನೂನಿಗೊಳಪಟ್ಟ ಔಷಧಿಗಳನ್ನು ದೂರದಿಂದ ಬರೆದುಕೊಡುವುದನ್ನು ನಿಷೇಧಿಸಿತು. ದುರುಪಯೋಗದ ಭಯ ನಿರಾಧಾರವೇನಲ್ಲ. ಆದರೂ ಹಾಸಿಗೆಯಿಂದ ಏಳಲಾರದವನಿಗೆ ಈ ನಿಯಮ ಕಠಿಣವೆಂದೇ ನಮಗೆ ತೋರುತ್ತದೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಉಪಶಮನ ಶುಶ್ರೂಷೆಯ ಸಂಘವೊಂದು ಹುಟ್ಟಿದ ಕೇರಳದಲ್ಲಿ, ದಾದಿಯರೂ ಸ್ವಯಂಸೇವಕರೂ ರೋಗಿಯ ಮನೆಗೇ ಹೋಗುವ ಪದ್ಧತಿ ಊರೂರಿಗೆ ಹಬ್ಬಿದೆ. ಅಂಥ ಕಡೆ ದೂರವಾಣಿ, ಎರಡು ಭೇಟಿಗಳ ನಡುವಣ ದಿನಗಳನ್ನು ನೋಡಿಕೊಂಡರೆ ಸಾಕು.